ಎದಿ ಬಿಗದೈತಿ ಅಂದ್ರಿ, ಟೆನ್ಷನ್ ಅಂದೆ

ನನ್ನ ಪಿ.ಟಿ. ಸರಗ,

ನಾನ್ರಿ, ಶಿರಗುಪ್ಪಿಯಿಂದ ಸಾಲಿಗೆ ಬರ್ತಿದ್ದ ಗಿರಿಜಾ, ನಿಮ್ಮ ಖೊಖೊ ಟೀಮಿನಾಕಿ. ನೀವು ಹೋಗಿ ಏಳು ತಿಂಗಳಾತು. ಯಾರ ಮುಂದನೂ ಆಡದ ಮಾತೊಂದು ಹೊಟ್ಟ್ಯಾಗ ಕುಂತೈತಿ. ನಿಮಗ ಗೊತ್ತಿದ್ದದ್ದ ಅದು. ಆದ್ರೂ ನಿಮಗ ಹೇಳದ ಇನ್ಯಾರಿಗೆ ಹೇಳ್ಲಿ?

ಧಾರವಾಡದಾಗ ಸೈಕಾಲಜಿ ಎಂ.ಎ. ಓದ್ತೇನಿ ಅಂದಾಗ ಗ್ರೌಂಡಿನ ನಡುವ ನಿಂತು ನಕ್ಕಿದ್ರಿ, ನೆನಪೈತೇನು? ಹುಚ್ಚರ ಡಾಕ್ಟರ್ ಆಗ್ತಿಯೇನವಾ ಅಂತ ಕೇಳಿದ್ರಿ. ಖೊಖೊ ಕಾಲಿಲೆ ಆಡೂದು, ತಲಿಲೆ ಅಲ್ಲ ಅನ್ನೂದು ನಿಮ್ಮ ವಾದ. ಅಂಜಿಕಿ ಬರ್ತೈತ್ರಿ ಅಂದಾಕಿಗೆ ಗ್ರೌಂಡ್ ಸುತ್ತ ಎರಡು ರೌಂಡ್. ನಾ ಎಷ್ಟು ಓಡೇನೋ ಲೆಕ್ಕ ಇಲ್ಲ. ಓಡಿ ಓಡಿ ಅಂಜಿಕಿ ಏನೂ ಹೋಗಲಿಲ್ರಿ, ಹೇಳೂದ ಬಿಟ್ವಿ ಅಷ್ಟ.

ಮುಂದ ನಾ ಕಾಲೇಜಿನ್ಯಾಗ ಕೌನ್ಸೆಲರ್ ಆದ ಮ್ಯಾಲ ಒಂದಿನ ನೀವ ಫೋನ್ ಮಾಡಿದ್ರಿ. ಮೂರು ವರ್ಷ ಫೈನಲ್ಲಿಗೆ ಬಂದು ಸೋತಿದ್ರಿ. ಹುಡುಗ್ಯಾರ ಕೂಡ ತುಸು ಮಾತಾಡು ಬಾ ಅಂದ್ರಿ. ರೇಣವ್ವ ಖೋ ಸಿಗೂಕಿಂತ ಮೊದ್ಲ ಎದ್ದು ಫೌಲ್ ಮಾಡ್ತಿದ್ಲಲ್ಲ, ಆಕಿ ಅಳಕೋತ, ಎದುರಿನ ಟೀಮಿಗಿಂತ ಸರಗ ಹೆಚ್ಚು ಅಂಜ್ತೇನಿ ಅಂದ್ಲು. ಅದನ್ನ ನಿಮಗ ಹೇಳಿದೆ. ಬೈತೀರಿ ಅನ್ಕೊಂಡಿದ್ದೆ. ನೀವು ಕೊಳ್ಳಾಗಿನ ಸೀಟಿ ತಗದು ಕಿಸೇದಾಗ ಇಟ್ಕೊಂಡ್ರಿ. ಮರುದಿನದಿಂದ ರೌಂಡ್ ಬಂದ್. ನಮ್ಮ ಸರ ನನ್ನ ವಿದ್ಯಾ ಒಪ್ಪಿದ್ರು ಅಂತ ಅವತ್ತು ನನಗಾದ ಹಮ್ಮು...

ಆ ಹಮ್ಮ ನನ್ನ ಕೆಡಿಸ್ತು ಸರ.

ಹುಬ್ಬಳ್ಳ್ಯಾಗ ಫೈನಲ್ ಇದ್ದ ದಿನ, ಆಟಕ್ಕ ಇನ್ನೂ ಅರ್ಧ ತಾಸಿತ್ತು. ಹುಡುಗ್ಯಾರಿಗೆ ಕೇಳಸ್ಬಾರ್ದು ಅಂತ ನನ್ನ ಬಾಜೂಕ ಕರದು ಮೆಲ್ಲಗ ಅಂದ್ರಿ, "ಗಿರಿಜಾ, ಎದಿ ಬಿಗದಂಗ ಆಗೇತವಾ. ಬೆವರೂ ಬರಾಕತ್ತೈತಿ." ನನಗ ಖುಷಿ ಆತು. ಹೌದ್ರಿ, ಖುಷಿ. ಕಡೀಕ ನೀವೂ ಅಂಜಿಕಿ ಅಂತ ಒಪ್ಕೊಂಡ್ರಿ ಅಂತ. "ಟೆನ್ಷನ್ರಿ ಸರ, ಏನಾಗಂಗಿಲ್ಲ" ಅಂದೆ. ನಾಕು ಎಣಿಸಿ ಉಸರು ತಗೋರಿ, ನಾಕು ಎಣಿಸಿ ಬಿಡ್ರಿ ಅಂದೆ. ನೀವು ಕಣ್ಣು ಮುಚ್ಚಿ, ನಾ ಹೇಳಿದಂಗ ಮಾಡಿದ್ರಿ. ಹತ್ತು ಹೆಜ್ಜಿ ದೂರ ಆಂಬುಲೆನ್ಸ್ ನಿಂತಿತ್ತು. ನಾ ಅದರ ಕಡೆ ತಿರುಗಿ ಸೈತ ನೋಡಲಿಲ್ಲ.

ಹುಡುಗ್ಯಾರು ಗೆದ್ದದ್ದನ್ನ ನೋಡಿದ್ರಿ. ಫೋಟೋಕ್ಕ ನಿಲ್ಲೂವಾಗ ಕುಸದ್ರಿ. ದವಾಖಾನಿ ಮುಟ್ಟೂದ್ರೊಳಗ ಎಲ್ಲಾ ಮುಗದಿತ್ತು. ಮೊದ್ಲ ಏನರೆ ತ್ರಾಸ ಹೇಳಿದ್ರೇನು ಅಂತ ಡಾಕ್ಟರ್ ಕೇಳಿದ್ರು. ನಾ ಬಾಯಿ ತೆರೀಲಿಲ್ಲ. ಮೈಯಾಗ ತ್ರಾಸ ಅಂದವರನ್ನ ಮೊದ್ಲ ಡಾಕ್ಟರ್ ಕಡೆ ಕಳಸಬೇಕು, ಮನಸಿನ ಮಾತು ಆಮ್ಯಾಲ. ನಮ್ಮ ಕೆಲಸದಾಗ ಇದು ಮೊದಲನೇ ಪಾಠ. ಪರೀಕ್ಷಾದಾಗ ಬರದು ಪಾಸಾಗಿದ್ದೆ.

ಈಗ ನಿಮಗ ಗೊತ್ತಿಲ್ಲದ ಸುದ್ದಿ. ನಿಮ್ಮ ಮನಿಯವರು, ನಮ್ಮ ಕಾಕು, ಪ್ರತಿ ಗುರುವಾರ ಹುಬ್ಬಳ್ಳಿಯಿಂದ ಬಸ್ ಹತ್ತಿ ಕಾಲೇಜಿನ್ಯಾಗಿನ ನನ್ನ ರೂಮಿಗೆ ಬರ್ತಾರ. ಗುರುತಿನವರಿಗೆ ನಾವು ಕೌನ್ಸೆಲಿಂಗ್ ಮಾಡಂಗಿಲ್ಲ, ಬ್ಯಾರೆಯವರ ಕಡೆ ಕಳಸ್ತೇನಂದ್ರ ಕೇಳಂಗಿಲ್ಲ. ನಿಮ್ಮ ಶಿಷ್ಯೆ ಅಂತ ನನ್ನ ಮ್ಯಾಲ ವಿಶ್ವಾಸ ಅವರಿಗೆ. ಕುಂತ ಕೂಡ್ಲೆ ಅದೊಂದ ಮಾತು ಕೇಳ್ತಾರ. "ತ್ರಾಸ ಆಗಾಕತ್ತೈತಿ ಅಂತ ಅವರು ಯಾರ ಮುಂದರೆ ಒಂದು ಮಾತು ಆಡಬಾರದಿತ್ತೇನವಾ? ಮೂವತ್ತು ವರ್ಷ ಬಾಳೇ ಮಾಡೇನಿ, ನನಗರೆ ಒಂದು ಫೋನ್ ಮಾಡಬಾರದಿತ್ತೇನು?" ನಿಮ್ಮ ಮ್ಯಾಲ ಸಿಟ್ಟು ಸರ. ನಿಮ್ಮ ಫೋಟೋಕ್ಕ ಹೂವು ಏರಿಸೂದೂ ಬಿಟ್ಟಾರಂತ. ನಾ ನೀರಿನ ಗ್ಲಾಸ್ ಮುಂದ ಸರಿಸಿ ಹೂಂ ಹೂಂ ಅಂತೇನಿ. ತಪ್ಪು ನಂದು, ಬೈಗಳ ನಿಮಗ. ನಾಚಿಕಿ ಆಗ್ತೈತಿ. ಖರೇ ಹೇಳಿದ್ರ ಕಾಕು ಮತ್ತ ನನ್ನ ಮಾರಿ ನೋಡ್ತಾರೋ ಇಲ್ಲೋ? ಹೇಳದಿದ್ರ ನಿಮ್ಮನ್ನ ಹಿಂಗ ಬೈಕೋತ...

ನಾಳೆ ಗುರುವಾರ. ಅವರು ಬಂದು ಕುಂತ ಮ್ಯಾಲ ಮೊದ್ಲ ನಾ ಮಾತಾಡ್ತೇನಿ. ಸರ ಹೇಳಿದ್ರು ಕಾಕು, ನನ್ನ ಮುಂದ ಹೇಳಿದ್ರು ಅಂತೇನಿ.

ಗಿರಿಜಾ