ಕೋಡಿಬೇಲೆ ಗ್ರಂಥಾಲಯದ ಗಂಟೆಗೆ ಕಟ್ಟಿದ ಟವೆಲು

ಫೆಬ್ರವರಿ ೪೧, ೨೩೪೭

ಕೋಡಿಬೇಲೆ ಸಾರ್ವಜನಿಕ ಗ್ರಂಥಾಲಯದ ಉಪಗ್ರಂಥಪಾಲಕನಾದ ನಾನು ಸಕಲ ಲೋಕಕ್ಕೆ ಸಾರುವುದೇನೆಂದರೆ, ನಮಗೆ ಹೊಸ ಕಾಲೊರಸು ಬಂದಿದೆ. ಮೂರನೇ ಮಹಡಿಯ ಕಿಟಕಿಯಲ್ಲಿ, ಅಂದರೆ ಈಗಿನ ಮಹಾದ್ವಾರದಲ್ಲಿ, ಅದನ್ನು ಹಾಸಲಾಗಿದೆ. ಓದುಗರು ದೋಣಿಯಿಂದಿಳಿದು ಕಾಲೊರೆಸಿಕೊಂಡೇ ಒಳಬರತಕ್ಕದ್ದು. ಕೆಳಗಿನ ಮಹಡಿಗಳಲ್ಲಿ ಸದ್ಯ ಮೀನುಗಳಿವೆ. ಅವಕ್ಕೆ ಸದಸ್ಯತ್ವ ಇಲ್ಲ.

ತಾರೀಕು ನೋಡಿ ಗಾಬರಿಯಾಗಬೇಡಿ. ವರ್ಷಕ್ಕೆ ಒಣ ದಿನಗಳು ಸಾಲದಾದಾಗ ಫೆಬ್ರವರಿಯನ್ನೇ ಎಳೆದು ಉದ್ದ ಮಾಡಿಕೊಂಡೆವು. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಅದಕ್ಕೂ ಕ್ಷಮೆಯಿರಲಿ: ನಮ್ಮ ನಿಘಂಟು ‘ದ’ಕಾರಕ್ಕೆ ಮುಗಿಯುತ್ತದೆ. ಮುಂದಿನ ಸಂಪುಟಗಳು ಹೋದ ವರ್ಷ ಮುಳುಗಿದವು. ‘ಭರವಸೆ’, ‘ಸಹಾಯ’ ಮುಂತಾದವನ್ನು ಅಂದಾಜಿನ ಮೇಲೆ ಬಳಸುತ್ತಿದ್ದೇವೆ.

ಸಿದ್ಧತೆ ಇರಲಿಲ್ಲವೆಂದಲ್ಲ. ನಮ್ಮಲ್ಲಿ ‘ಕೈಯೇಣಿ’ ಇದೆ: ಸಮುದ್ರ ಉಕ್ಕಿದಾಗ ಗಂಟೆ ಹೊಡೆಯಬೇಕು, ಊರವರು ಬಂದು ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಬೇಕು, ಪುಸ್ತಕಗಳು ಕೈಯಿಂದ ಕೈಗೆ ದಾಟಿ ಮೇಲಿನ ಮಹಡಿ ಸೇರಬೇಕು. ನಮ್ಮ ಊರಲ್ಲಿ ಸಂಬಂಧ ಕೂಡಿಸುವಾಗ ಗೋತ್ರ ಕೇಳುವುದಿಲ್ಲ, ಎಷ್ಟನೇ ಮೆಟ್ಟಿಲಿನವರು ಎಂದು ಕೇಳುತ್ತಾರೆ. ಪ್ರತಿ ಶನಿವಾರ ತಾಲೀಮು. ಪುಸ್ತಕ ಸವೆಯದಿರಲೆಂದು ತೆಂಗಿನಕಾಯಿ ದಾಟಿಸುತ್ತೇವೆ. ಗಂಟೆ ಹೊಡೆದಂತೆ ಭಾವಿಸತಕ್ಕದ್ದು.

ಭಾವಿಸಬೇಕು, ಏಕೆಂದರೆ ಅದರ ನಾಲಿಗೆಗೆ ಯಾರೋ ನೀಲಿ ಚೌಕಳಿಯ ಟವೆಲು ಬಿಗಿದಿದ್ದಾರೆ. ‘ಓದುಗರೊಬ್ಬರ ಕೋರಿಕೆಯಂತೆ, ನಿಶ್ಶಬ್ದ ಕಾಪಾಡಲು. ಕಟ್ಟಿದವರೇ ಬಿಚ್ಚತಕ್ಕದ್ದು’ ಎಂದು ಪಕ್ಕದಲ್ಲೇ ಫಲಕವಿದೆ. ನಿಯಮ ನಿಯಮವೇ.

ಹೋದ ವರ್ಷ ನೀರು ಮೆಟ್ಟಿಲೇರಿದಾಗ ಕಾವಲುಗಾರ ಜಟ್ಟಿ ಓಡಿಬಂದು, “ಅಕ್ಕೋರೆ, ನೀರು ಬಂತು!” ಎಂದ.

“ಶ್! ಮೆಲ್ಲಗೆ ಹೇಳಾ ಮಾರಾಯ, ಜನ ಓದ್ತಾ ಕೂತಿದಾರೆ,” ಎಂದರು ಗ್ರಂಥಪಾಲಕಿ ನಾಗವೇಣಿ ಅಕ್ಕೋರು.

“ನಾ ಮೆಲ್ಲಗೆ ಹೇಳ್ದೆ ಅಂದ್ರೆ ಅದು ಮೆಲ್ಲಗೆ ಬತ್ತದ್ಯಾ?”

ಆದರೂ ಒಬ್ಬೊಬ್ಬ ಓದುಗರ ಕಿವಿಯಲ್ಲೂ ಪಿಸುಗುಟ್ಟಿದೆವು. ಎಲ್ಲರೂ ಕುರ್ಚಿ ಸದ್ದಾಗದಂತೆ ಎದ್ದು ಮನೆಗೆ ಹೋದರು. ಊರಿಗೆ ಸುದ್ದಿಯೇ ಮುಟ್ಟಲಿಲ್ಲ. ಶಾಂತಿ ಕಾಪಾಡಿದ್ದಕ್ಕೆ ನಮಗೆ ಪ್ರಶಂಸಾಪತ್ರ ಬಂದಿದೆ. ಜಟ್ಟಿ ಒಬ್ಬನೇ ನಿಘಂಟು ಹೊತ್ತ. ‘ದ’ಕ್ಕೆ ಬರುವಷ್ಟರಲ್ಲಿ ನೀರು ಅವನ ಎದೆಮಟ್ಟಕ್ಕಿತ್ತು. ಮುಂದಿನ ಸಂಪುಟಕ್ಕೆಂದು ಇಳಿದವನು ಮೇಲೆ ಬರಲಿಲ್ಲ. ಹೊಸ ಕಾಲೊರಸು ಅವನ ಸ್ಮರಣಾರ್ಥ.

ನಾಡಿದ್ದು ಹುಣ್ಣಿಮೆ. ಸಮುದ್ರದ ಭರತಕ್ಕೆ ಈ ಮಹಡಿಯೂ ಹೋಗುತ್ತದೆ. ಮೇಲೆ ಉಳಿದದ್ದು ತಾರಸಿಯೊಂದೇ. ಮಕ್ಕಳ ಪುಸ್ತಕಗಳೆಲ್ಲ ಏರುವ ತನಕ ಅಕ್ಕೋರು ಕುರ್ಚಿ ಬಿಟ್ಟು ಏಳುವುದಿಲ್ಲವಂತೆ. ಗಂಟೆ ಕೇಳದೆ ಊರವರು ಬರುವುದಿಲ್ಲ, ಏರಿಸಲು ನಾವಿಬ್ಬರೇ.

ಗಂಟೆಗೆ ಟವೆಲು ಕಟ್ಟಿದ ಆ ಓದುಗರು ನೀವೇ, ಸ್ವಾಮಿ, ಹಿಂದಿನ ಕಾಲದಲ್ಲಿ ಕೂತು ಇದನ್ನು ಓದುತ್ತಿರುವವರು. ಫ್ಯಾನಿನ ಕೆಳಗೆ, ಮುಖದ ಮೇಲೆ ಪತ್ರಿಕೆ ಹೊದ್ದು ನಡೆಸುವ ನಿಮ್ಮ ಮಧ್ಯಾಹ್ನದ ಅಧ್ಯಯನಕ್ಕೆ ಗಂಟೆ ಅಡ್ಡಿ ಮಾಡಿತ್ತು. ತಪ್ಪೆನ್ನಲಾರೆ, ಗ್ರಂಥಾಲಯದ ನಿದ್ದೆಗೆ ಸಾಟಿಯಿಲ್ಲ. ನಿಮ್ಮ ಕಾಲದ ಟವೆಲಿನಲ್ಲಿ ಪ್ಲಾಸ್ಟಿಕ್ ನೂಲು, ಮುನ್ನೂರು ವರ್ಷಕ್ಕೂ ಸವೆದಿಲ್ಲ. ನೀವು ಬಿಚ್ಚುತ್ತೀರಿ ಎಂಬ... ಆ ಪದ ನಮ್ಮ ನಿಘಂಟಿನಲ್ಲಿಲ್ಲ.

ಆದರೂ, ಇವತ್ತು ಮನೆಗೆ ಹೊರಡುವ ಮುನ್ನ ಕುರ್ಚಿ ಹತ್ತಿ ಆ ಗಂಟೊಂದನ್ನು ಬಿಚ್ಚಿಬಿಡಿ. ಟವೆಲು ನಿಮ್ಮದೇ, ಒಯ್ಯಿರಿ.