ಕಾಗೆಯಿಲ್ಲದ ದೇಶದಲ್ಲಿ ಅಪ್ಪನ ತಿಥಿ

ಹಿಲ್ಸ್‌ಬರೋ, ನ್ಯೂಜೆರ್ಸಿ
24 ನವೆಂಬರ್ 1974, ಭಾನುವಾರ

ಪ್ರೀತಿಯ ಅಕ್ಕಾ,

ಮೈಸೂರಿನ ಸಮಸ್ತ ಬಂಧುಬಾಂಧವರಿಗೂ, ನೆರೆಹೊರೆಯವರಿಗೂ, ವಿಶೇಷವಾಗಿ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನ ಒಬ್ಬನೇ ತಮ್ಮನಾದ ದ್ವಾರಕಾನಾಥನು ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ಪೂರ್ಣ ಪ್ರಜ್ಞೆಯಿಂದ, ಯಾರ ಬಲವಂತವೂ ಇಲ್ಲದೆ, ಒಂದು ಟೋಪಿ ಕೊಂಡಿದ್ದಾನೆ. ಖಾಕಿ ಬಣ್ಣ, ಸುತ್ತಲೂ ಅಗಲವಾದ ಅಂಚು, ಗಾಳಿಗೆ ಹಾರದಂತೆ ಗದ್ದಕ್ಕೆ ಕಟ್ಟಿಕೊಳ್ಳಲು ಒಂದು ದಾರ. ರಾಜಿ ಅದನ್ನು ನೋಡಿ, "ಇದನ್ನ ಹಾಕ್ಕೊಂಡು ನನ್ನ ಜೊತೆ ಮಾತ್ರ ಎಲ್ಲಿಗೂ ಬರಬೇಡಿ" ಎಂದಳು. ಆದ್ದರಿಂದ ಅವಳನ್ನು ಬಿಟ್ಟೇ ಹೋಗಿಬಂದೆ. ಎಲ್ಲಿಗೆ ಎನ್ನುವುದು ಮುಂದೆ.

ನಿನ್ನ ಮಂಡಿನೋವು ಹೇಗಿದೆ? ಹೋದ ಸಲ ಬರೆದ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಸೀಸೆಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿಯುತ್ತಿದ್ದೀಯಾ? ಭಾವನ ಆರೋಗ್ಯವನ್ನು ವಿಚಾರಿಸುವ ಧೈರ್ಯ ನನಗಿಲ್ಲ. "ನಿಮ್ಮಕ್ಕ ಕಾಫಿ ಬಿಟ್ಟ ದಿನಗಳಲ್ಲಿ ಈ ಮನೇಲಿ ನಾನು ಸೀನೋದೂ ತಪ್ಪು ಕಣಯ್ಯ" ಎಂದು ಅವರು ಒಮ್ಮೆ ನಿನ್ನ ಕಾಗದದ ಅಂಚಿನಲ್ಲಿ ಕದ್ದು ಬರೆದಿದ್ದರು. ತಪ್ಪೆಲ್ಲ ನಿನ್ನ ಕಾನೂನಿನದು. ಅಪ್ಪ ಹೋದ ಮರುವರ್ಷ ನಾನು ಈ ದೇಶಕ್ಕೆ ಹೊರಟಾಗ ಹೇಳಿದೆಯಲ್ಲ: "ಪುರೋಹಿತರು ಸಿಗದಿದ್ರೆ ಹೋಗಲಿ ಬಿಡೋ. ತಿಥಿ ದಿನ ತಲೆಗೆ ನೀರು ಹಾಕ್ಕೊಂಡು ಕಾಗೆಗೆ ಒಂದು ಹಿಡಿ ಅನ್ನ ಇಡು. ಅದು ಮುಟ್ಟೋವರೆಗೂ ನೀನೇನೂ ಮುಟ್ಟಬೇಡ. ಕಾಗೆ ಬಂತು ಅಂತ ನಿನ್ನ ಕಾಗದ ಬರೋವರೆಗೂ ನಾನು ಕಾಫಿ ಮುಟ್ಟಲ್ಲ." ಆರು ವರ್ಷದಿಂದ, ಪ್ರತಿ ಕಾರ್ತಿಕದಲ್ಲೂ, ಅಂಚೆಯವನು ಗೇಟು ತೆಗೆಯುವವರೆಗೆ ನೀನು ಬರಿಯ ಹಾಲು ಕುಡಿದುಕೊಂಡು ಕೂತಿದ್ದೀಯ. ಈಗಲೂ ಕೂತಿದ್ದೀಯ ಎಂದು ಗೊತ್ತು. ಆದರೂ ಅಕ್ಕಾ, ಫಿಲ್ಟರಿಗೆ ಈಗಲೇ ಪುಡಿ ಹಾಕಬೇಡ. ಕಾಗದವನ್ನು ಕೊನೆಯ ಸಾಲಿನವರೆಗೂ ಓದಿ ಆಮೇಲೆ ತೀರ್ಮಾನ ಮಾಡು.

ನಮ್ಮ ಬೀದಿಯಲ್ಲಿ ಎಡ್ನಾ ಎಂಬ ನಿವೃತ್ತ ಸ್ಕೂಲ್ ಮೇಡಂ ಇದ್ದಾರೆ. ಹಕ್ಕಿ ನೋಡುವವರ ಒಂದು ಸಂಘ ಕಟ್ಟಿದ್ದಾರೆ. ಈ ದೇಶದಲ್ಲಿ ಹಕ್ಕಿಗಳನ್ನು ಸುಮ್ಮನೆ ನೋಡುವಂತಿಲ್ಲ. ಬೆಳಗಿನ ಐದಕ್ಕೆ ಎದ್ದು, ಪಿಸುಮಾತಿನಲ್ಲಿ, ದುರ್ಬೀನು ಹಿಡಿದು ನೋಡಿ, ಪಟ್ಟಿಯಲ್ಲಿ ಗುರುತು ಹಾಕಬೇಕು. ಈ ಸಂಘದವರು ಕೊಲಂಬಿಯ ದೇಶದ ಆಂಡೀಸ್ ಪರ್ವತಕ್ಕೆ ಎಂಟು ದಿನದ ಪ್ರವಾಸ ಹೊರಟರು. ಹಕ್ಕಿಗಳ ಆಸೆ ನನಗೇನೂ ಇರಲಿಲ್ಲ. ಜಾಹೀರಾತಿನ ಕೊನೆಯಲ್ಲಿ, "ಕಾಫಿ ತೋಟದಲ್ಲಿ ವಾಸ, ಕಣದಲ್ಲಿ ಕಾಫಿ ಒಣಗಿಸುವುದನ್ನು ನೋಡಬಹುದು" ಎಂದಿತ್ತು. ಆ ಒಂದು ಸಾಲಿಗೆ ನಾನು ಹೆಸರು ಕೊಟ್ಟೆ, ಟೋಪಿ ಕೊಂಡೆ. ಹದಿನಾಲ್ಕು ಜನ ಅಮೆರಿಕನ್ ಅಜ್ಜಿಯರು, ನಾನೊಬ್ಬ.

ಕಣ ಎಂದರೆ ನಮ್ಮಿಬ್ಬರಿಗೂ ಒಂದೇ ಕಣ. ಹುಣಸೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನದು, ಅದರ ನಡುವೆ ಕಪ್ಪು ಛತ್ರಿ ಹಿಡಿದು ನಿಂತ ಅಪ್ಪ. ಛತ್ರಿ ಬಿಸಿಲಿಗಲ್ಲ, ಕಾಗೆಗೆ. ಮೂವತ್ತು ವರ್ಷ ಆ ಮನುಷ್ಯ ಕಾಗೆಗಳ ಮೇಲೆ ಯುದ್ಧ ಮಾಡಿದರು. ಛತ್ರಿಯನ್ನು ಫಟ್ಟನೆ ಬಿಚ್ಚುವುದು, ಮುಚ್ಚುವುದು, ಆಮೇಲೆ ಎರಡು ಚಪ್ಪಾಳೆ, ಒಂದು "ಹುಶ್". "ಕಾಫಿ ಮೇಲೆ ಇವು ಹಿಕ್ಕೆ ಹಾಕಿದರೆ ಲಂಡನ್ನಿನೋನು ಕಪ್ಪಲ್ಲಿ ಮೂಸಿ ನನ್ನ ಹೆಸರು ಕೇಳ್ತಾನೆ" ಎನ್ನುತ್ತಿದ್ದರು. ತಾತನ ತಿಥಿಯ ದಿನ ನೆನಪಿದೆಯಾ? ಹಿತ್ತಲ ಗೋಡೆಯ ಮೇಲೆ ಅನ್ನ ಇಟ್ಟು ಅಪ್ಪ ಕೈಮುಗಿದು ನಿಂತರೆ ಹುಣಸೂರಿನ ಒಂದು ಕಾಗೆಯೂ ಹತ್ತಿರ ಬರಲಿಲ್ಲ. ಹೊಟ್ಟೆ ಹಸಿದು ನಾವು ಅಳುವುದೊಂದು ಬಾಕಿ. ಕೊನೆಗೆ ಅಮ್ಮ, "ನೀವು ಒಳಗೆ ಹೋಗಿ ಅಂದ್ರೆ! ನಿಮ್ಮ ಮುಖ ಕಂಡ್ರೆ ಅವು ಎಲ್ಲಿ ಬರ್ತಾವೆ?" ಎಂದು ಅವರನ್ನು ಅಡುಗೆಮನೆಗೆ ಅಟ್ಟಿದ ಮೇಲೆ ಊರ ಕಾಗೆಗಳೆಲ್ಲ ಬಂದವು.

ತಿಥಿಯ ತಾರೀಕು ತಿಳಿಸಿ ನೀನು ಬರೆದ ಏರೋಗ್ರಾಂ ನಾನು ಹೊರಡುವ ಬೆಳಿಗ್ಗೆ ಬಂದಿತ್ತಂತೆ. ರಾಜಿ ಅದನ್ನು ನನ್ನ ಬನಿಯನ್‌ಗಳ ನಡುವೆ ಇಟ್ಟಿದ್ದಳು. ತೋಟ ಸೇರಿ ಮೂರನೆಯ ದಿನ, ಭಾನುವಾರ ಮಧ್ಯಾಹ್ನ, ಕೈಗೆ ಸಿಕ್ಕಿತು. "ಪಂಚಮಿ ಹದಿನೆಂಟಕ್ಕೆ, ಸೋಮವಾರ." ಅಂದರೆ ಮಾರನೆಯ ದಿನ! ಅಪ್ಪ ಹೋದದ್ದು ನವೆಂಬರ್ ಆರು. ಆ ತಾರೀಕು ದಾಟಿತಲ್ಲ, ತಿಥಿಯೂ ದಾಟಿರಬೇಕು ಎಂದುಕೊಂಡು ನಾನು ಟೋಪಿ ಹಾಕಿಕೊಂಡು ಬಂದುಬಿಟ್ಟಿದ್ದೆ. ಇದು ಮಗನಾದವನು ಆಡುವ ಮಾತೇ ಎಂದು ಹುಬ್ಬು ಗಂಟಿಕ್ಕಬೇಡ. ಅದಕ್ಕೆ ಉತ್ತರ ಕೊನೆಯಲ್ಲಿದೆ.

ಸೋಮವಾರ ತಣ್ಣೀರು ಸ್ನಾನ ಮಾಡಿದೆ. ಆ ಬೆಟ್ಟದ ನೀರು ಮೈಮೇಲೆ ಬಿದ್ದಾಗ ನಾನು ಹೇಳಿದ್ದು ಮಂತ್ರವಲ್ಲ ಎನ್ನುವುದು ನಮ್ಮಿಬ್ಬರಲ್ಲೇ ಇರಲಿ. ಅಲ್ಲಿಯವರೂ ದಿನಾ ಅನ್ನ ಉಣ್ಣುವ ಜನ; ಅಡುಗೆಮನೆಯಲ್ಲಿ ಕೇಳಿದೊಡನೆ ಒಂದು ಬಟ್ಟಲು ಸಿಕ್ಕಿತು. ಬಾಳೆ ಎಲೆಗಂತೂ ಬರವಿಲ್ಲ. ಅವರ ಕಣ ಇರುವುದು ಮನೆಯ ಅಟ್ಟದ ಮೇಲೆ. ತಗಡಿನ ಛಾವಣಿಗೇ ಚಕ್ರ ಜೋಡಿಸಿ ಹಳಿಯ ಮೇಲೆ ಕೂರಿಸಿದ್ದಾರೆ. ಬಿಸಿಲು ಬಂದರೆ ಛಾವಣಿಯನ್ನು ಪಕ್ಕಕ್ಕೆ ತಳ್ಳುತ್ತಾರೆ, ಮೋಡ ಕಂಡರೆ ಎಳೆದು ಮುಚ್ಚುತ್ತಾರೆ. ಅಪ್ಪ ನೋಡಿದ್ದರೆ ಒಂದು ವಾರ ಮಾತಾಡುತ್ತಿರಲಿಲ್ಲ, ಆಮೇಲೆ ಒಂದು ವರ್ಷ ಅದನ್ನೇ ಮಾತಾಡುತ್ತಿದ್ದರು. ಮೆಟ್ಟಿಲು ಹತ್ತಿದೊಡನೆ ಬಿಸಿಲಿಗೆ ಕಾದ ಹಸಿ ಕಾಫಿಯ ವಾಸನೆ ಮುಖಕ್ಕೆ ಬಂತು. ಸಂಜೆ ಗೂಟಕ್ಕೆ ತಗುಲಿಹಾಕಿದ ಅಪ್ಪನ ಕೋಟಿನ ವಾಸನೆ. ಮೂಲೆಯ ಹಲಗೆಯ ಮೇಲೆ ಎಲೆ ಹಾಸಿ ಅನ್ನ ಇಟ್ಟೆ. ಮಧ್ಯಾಹ್ನ ಹನ್ನೆರಡು ಗಂಟೆ.

ಒಂದಾಯಿತು. ಕೆಳಗಿದ್ದ ಎಡ್ನಾ ಮೇಡಮ್ಮನ್ನು ಕೂಗಿ, ನಾವು ನೋಡಿದ ನೂರ ಹದಿನಾಲ್ಕು ಜಾತಿಯಲ್ಲಿ ಕಾಗೆ ಯಾವ ಕಡೆ ಹೆಚ್ಚು ಎಂದು ಕೇಳಿದೆ. ಆಕೆ ಪಾಠ ಹೇಳುವ ದನಿಯಲ್ಲಿ, "ಈ ಇಡೀ ಖಂಡದಲ್ಲಿ ಕಾಗೆ ಇಲ್ಲ, ಡ್ವಾರ್ಕ್. ಒಂದೇ ಒಂದೂ ಇಲ್ಲ" ಎಂದರು. ನಾನು ಹಲಗೆಯ ಮೇಲೆ ಕೂತುಬಿಟ್ಟೆ. ಯಾಕೆಂದು ಕೇಳಿದರು. ಹೇಳಿದೆ. ಆಕೆ ನಗಲಿಲ್ಲ ಅಕ್ಕ. ಕೆಳಗೆ ಹೋಗಿ ಉಳಿದವರಿಗೆ ಏನು ಹೇಳಿದರೋ, ಹದಿನಾಲ್ಕು ಅಜ್ಜಿಯರೂ ಊಟದ ತಟ್ಟೆ ಪಕ್ಕಕ್ಕಿಟ್ಟು ದುರ್ಬೀನು ಹಿಡಿದು ಅಂಗಳದಲ್ಲಿ ನಿಂತರು. ಹುಣಸೂರಿನ ಕಣದ ಸೂಪರ್‌ವೈಸರ್ ನರಸಿಂಹಮೂರ್ತಿಯವರ ತಿಥಿಗೆ ಅಷ್ಟು ಜನ ಉಪವಾಸ ಇದ್ದದ್ದು ಅದೇ ಮೊದಲು.

ಎರಡೂವರೆಗೆ ಒಂದು ಹಕ್ಕಿ ಬಂತು. ಹಸಿರು ಬೆನ್ನು, ಹಳದಿ ಹೊಟ್ಟೆ, ನೀಲಿ ತಲೆ, ಮದುವೆಗೆ ಹೊರಟ ಹಾಗೆ. ಆದರೆ ಬಾಯಿ ತೆರೆದರೆ ಕರ್ಕಶ. ಕತ್ತು ಓರೆಮಾಡಿ ಅನ್ನವನ್ನೂ ನನ್ನನ್ನೂ ನೋಡಿತು. "ಜೇ ಹಕ್ಕಿ! ಕಾಗೆಯದೇ ವಂಶ!" ಎಂದು ಎಡ್ನಾ ಕೆಳಗಿನಿಂದ ಪಿಸುಗುಟ್ಟಿದರು. ದಾಯಾದಿ ಎಂದುಕೊಂಡೆ. ಅದು ಎಲೆಯ ಹತ್ತಿರ ಒಂದು ಹೆಜ್ಜೆ ಇಟ್ಟಿತು. ಅಷ್ಟರಲ್ಲಿ, ಕಣದ ಆ ಮೂಲೆಯಲ್ಲಿ ಮರದ ಹಲಗೆಯಿಂದ ಕಾಫಿ ಮಗುಚುತ್ತಿದ್ದ ತೋಟದ ಯಜಮಾನ ಎಲಿಯಾಸ್, ಎಪ್ಪತ್ತರ ಮುದುಕ, ಎರಡು ಚಪ್ಪಾಳೆ ಹೊಡೆದು "ಹುಶ್" ಎಂದ.

ಅದೇ ಚಪ್ಪಾಳೆ ಅಕ್ಕ. ಎರಡರ ನಡುವೆ ಅಷ್ಟೇ ಅಂತರ. ಹಕ್ಕಿ ಹಾರಿಹೋಯಿತು. ನನಗೆ ಸಿಟ್ಟು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು. ಅವನ ಭಾಷೆ ನನಗೆ ಬಾರದು, ಏನೆಂದು ಹೇಳಲಿ? ಆಗ ಕೆಳಗಿನಿಂದ ಅವನ ಹೆಂಡತಿ ಕೂಗಿಕೊಂಡಳು. ಅವಳ ಮಾತೂ ನನಗೆ ಬಾರದು, ಆದರೆ ಆ ರಾಗ ಗೊತ್ತಿತ್ತು, ಅಮ್ಮನದು. ಮುದುಕ ಗೊಣಗಿಕೊಂಡು ಮೆಟ್ಟಿಲಿಳಿದು ಅಡುಗೆಮನೆಗೆ ಹೋದ. ಅವನ ತಲೆ ಮರೆಯಾದದ್ದೇ ತಡ, ಹಕ್ಕಿ ಬಂತು, ಕೊಕ್ಕಿನ ತುಂಬ ಅನ್ನ ತೆಗೆದುಕೊಂಡಿತು, ಹೋಯಿತು, ಮತ್ತೆ ಬಂತು. ಕೆಳಗೆ ಅಜ್ಜಿಯರು ಸದ್ದಿಲ್ಲದೆ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಮೇಲೆ ಎಲ್ಲರೂ ಊಟಕ್ಕೆ ಕೂತೆವು.

ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನನಗೆ ತಿಳಿಯದು. ನೀನೇ ಹೇಳಬೇಕು. ಭಾವನವರಿಗೆ ನಮಸ್ಕಾರ, ಧಾರಾಳವಾಗಿ ಸೀನಬಹುದು ಎಂದು ತಿಳಿಸು. ರಾಜಿ ನಿನಗೆ ಕಾಲು ಮುಟ್ಟಿ ನಮಸ್ಕಾರ ಹೇಳಿದ್ದಾಳೆ. ಟೋಪಿ ಎಲ್ಲಿದೆ ಎನ್ನುವುದನ್ನು ಮಾತ್ರ ಹೇಳುತ್ತಿಲ್ಲ. ಮಂಡಿಗೆ ಎಣ್ಣೆ ಹಚ್ಚು.

ನಿನ್ನ ತಮ್ಮ,
ದ್ವಾರಕಿ

ಮರೆತಿದ್ದೆ: ಅಂಚೆ ಪೆಟ್ಟಿಗೆಯ ಹತ್ತಿರ ನಿಂತೇ ಬರೆಯುತ್ತಿದ್ದೇನೆ. ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ಮೊದಲನೆಯ ವರ್ಷ ಮ್ಯಾನ್‌ಹಟನ್ನಿನ ಕೋಣೆಯ ಕಿಟಕಿಯಲ್ಲಿ ಅನ್ನ ಇಟ್ಟೆ. ಪಾರಿವಾಳಗಳು ತಿಂದವು, ಕಟ್ಟಡದವನು ಬಂದು ಬೈದ. "ಕಾಗೆ ಬಂತು" ಎಂದು ನಿನಗೆ ಬರೆದೆ. ಮುಂದಿನ ಐದು ವರ್ಷ ಅನ್ನವನ್ನೇ ಇಡಲಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ ತಿಂದು, ಸಂಜೆ ಕೂತು "ಹತ್ತೇ ನಿಮಿಷದಲ್ಲಿ ಬಂತಕ್ಕ" ಎಂದು ಬರೆದೆ. ಈ ಹಿಲ್ಸ್‌ಬರೋದ ನಮ್ಮ ಹಿತ್ತಲಲ್ಲಿ ಬೇಕಾದಷ್ಟು ಕಾಗೆಗಳಿವೆ. ನೀನು ಕಾಫಿ ಬಿಟ್ಟು ಕೂತದ್ದು ಆ ಸುಳ್ಳುಗಳಿಗಾಗಿ. ನಿಜವಾಗಿ ಕಾದು ಕೂತದ್ದು ಇದೊಂದೇ ಸಲ, ಅದೂ ಕಾಗೆಯೇ ಇಲ್ಲದ ಕಡೆ. ಬೈದು ಬರೆ, ಆದರೆ ಬರೆ. ಒಂದು ಸಣ್ಣ ಕೆಲಸ ಮಾಡಿಕೊಡು: ಫಿಲ್ಟರಿಗೆ ಪುಡಿ ಹಾಕುವ ಮೊದಲು ಹಿತ್ತಲ ಗೋಡೆಯ ಮೇಲೆ ನನ್ನ ಹೆಸರಲ್ಲಿ ಆರು ಹಿಡಿ ಅನ್ನ ಇಡು. ಇಡುವ ಮುಂಚೆ, ಹಿತ್ತಲ ಬಾಗಿಲ ಗೂಟದಲ್ಲಿ ಅಪ್ಪನ ಛತ್ರಿ ಇದೆಯಲ್ಲ, ಅದನ್ನು ಮಾತ್ರ ಒಳಗೆ ತೆಗೆದಿಡು.