ತಮ್ಮ ಮುಖ ಬಂತು, ಪಟ್ಟಿ ಬರಲಿಲ್ಲ

ಆರೋಗ್ಯ ಇಲಾಖೆಯ ಜಾಲತಾಣದ ಹೊಣೆ ಹೊತ್ತ ಮಾನ್ಯರೇ,

ತಮ್ಮ ದರ್ಶನ ನಮಗೆ ದಿನವೂ ಧಾರಾಳವಾಗಿ ಆಗುತ್ತಿದೆ. ಯಾವ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ಖಾಲಿ ಇದೆ ಎಂಬ ಪಟ್ಟಿಯ ದರ್ಶನ ಮಾತ್ರ ಆಗುತ್ತಿಲ್ಲ.

ನಾನು ಹೊಲಿಗೆಯವನು. ನಮ್ಮ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸದಿದ್ದರೆ ಉಸಿರಾಡುವುದೇ ಕಷ್ಟ. ಮೊದಲು ಆಸ್ಪತ್ರೆಗೆ ಫೋನ್ ಮಾಡಿದರೆ ಸಮಯ ಕೊಡುತ್ತಿದ್ದರು. ತಾವು ಬಂದು ಅದನ್ನು ನಿಲ್ಲಿಸಿ, ಇನ್ನು ಎಲ್ಲವೂ ಜಾಲತಾಣದಲ್ಲೇ ಎಂದಿರಿ. ಬೆಳಿಗ್ಗೆ ಪಟ್ಟಿ ತೆರೆಯುತ್ತದೆ, ಮೊದಲು ಒತ್ತಿದವರಿಗೆ ಯಂತ್ರ. ನಮ್ಮ ಅಂಗಡಿ ನೆಲಮಾಳಿಗೆಯಲ್ಲಿದೆ, ಮನೆ ಅದರ ಹಿಂದಿನ ಕೋಣೆ. ಇಂಟರ್ನೆಟ್ ಅಲ್ಲಿಗೆ ಕುಂಟುತ್ತಾ ಬರುತ್ತದೆ. ಬರುವಾಗ ಮೊದಲು ಹೊತ್ತು ತರುವುದೇನನ್ನು? ತಾವು ರಿಬ್ಬನ್ ಕತ್ತರಿಸುವ ವಿಡಿಯೊ. ಆಮೇಲೆ ತಮ್ಮ ಸಂದೇಶ, ಆಮೇಲೆ ಗರಗರ ತಿರುಗುವ ಫೋಟೊಗಳು, ಅವುಗಳಲ್ಲೂ ತಾವೇ. ಪಟ್ಟಿ ಕಟ್ಟಕಡೆಗೆ. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಯಂತ್ರಗಳೆಲ್ಲ ಭರ್ತಿ. ವೇಗದ ಇಂಟರ್ನೆಟ್ ಉಳ್ಳವರ ಕಿಡ್ನಿ ಮಾತ್ರ ಕೆಡತಕ್ಕದ್ದು ಎಂದು ಆದೇಶವೇನಾದರೂ ಹೊರಟಿದೆಯೇ?

ಅಕ್ಕನ ಪುಟ್ಟ ಮಗಳಿಗೆ ತಾವೀಗ ಮನೆಯವರೇ ಆಗಿದ್ದೀರಿ. ನಾನು ಬೆಳಿಗ್ಗೆ ಫೋನ್ ಹಿಡಿದರೆ ಸಾಕು, "ಮಾಮ, ಕತ್ತರಿ ಅಂಕಲ್ ಬಂದ್ರಾ?" ಎಂದು ಕೇಳುತ್ತಾಳೆ.

"ಬಂದ್ರು ಕಣೇ, ಇನ್ನೂ ಅರ್ಧ ಮುಖ ಬರ್ಬೇಕು" ಎನ್ನುತ್ತೇನೆ.

ದೂರು ಕೊಡಲು ಕಚೇರಿಗೂ ಬಂದಿದ್ದೆ. ತಮ್ಮ ಸಿಬ್ಬಂದಿ ಕಚೇರಿಯ ಕಂಪ್ಯೂಟರಿನಲ್ಲಿ ಪುಟ ತೆರೆದು, "ನೋಡಿ, ಎಷ್ಟು ಚೆನ್ನಾಗಿ ಓಡ್ತಿದೆ. ನಿಮ್ಮ ಫೋನೇ ಸರಿ ಇಲ್ಲ" ಎಂದರು. ಆ ವಿಡಿಯೊ ಒಂದನ್ನು ತೆಗೆದರೂ ಸಾಕು ಎಂದೆ. "ಅದು ಸಾಹೇಬ್ರದ್ದು. ಹೇಗ್ರೀ ತೆಗೆಯೋದು?" ಎಂದು ದನಿ ತಗ್ಗಿಸಿದರು. ಆದರೂ ನನ್ನ ದೂರು ನೀರುಪಾಲಾಗಲಿಲ್ಲ. ಮುಂದಿನ ವಾರವೇ ಹೊಸದೊಂದು ವಿಡಿಯೊ ಸೇರಿತು. ಪುಟ ನಿಧಾನವಾಗಿರುವುದಕ್ಕೆ ತಾವು ಕೈಮುಗಿದು, ಹಿನ್ನೆಲೆ ಸಂಗೀತದೊಂದಿಗೆ, ವಿಷಾದ ವ್ಯಕ್ತಪಡಿಸುವ ವಿಡಿಯೊ. ಈಗ ಪಟ್ಟಿ ಅದೂ ಮುಗಿಯುವವರೆಗೆ ಕಾಯುತ್ತದೆ.

ನಿನ್ನೆಯೂ ಸಮಯ ಸಿಗಲಿಲ್ಲ. ಅಕ್ಕನ ಕಾಲು ಬಾತುಕೊಂಡು ಚಪ್ಪಲಿಗೆ ಹಿಡಿಸುತ್ತಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬಿಗೊರಗಿ ಕೂತೇ ಇದ್ದಾಳೆ. ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚಾಗಿ ಭಯವಾಗಿದೆ.

ಬೇಡಿಕೆ ದೊಡ್ಡದಲ್ಲ. ಆ ಪುಟದಲ್ಲಿ ಬರೀ ಅಕ್ಷರಗಳಿರಲಿ: ಆಸ್ಪತ್ರೆಯ ಹೆಸರು, ಖಾಲಿ ಇರುವ ಸಮಯ, ಒತ್ತಲೊಂದು ಗುಂಡಿ. ಫೋನಿನಲ್ಲಿ ಸಮಯ ಕೊಡುವುದನ್ನೂ ಮತ್ತೆ ಶುರು ಮಾಡಿ. ತಮ್ಮ ವಿಡಿಯೊಗಳಿಗೆ ಬೇರೆಯದೇ ಪುಟ ಕಟ್ಟಿಕೊಳ್ಳಿ. ನೋಡಬೇಕೆನಿಸಿದವರು ತಾವಾಗಿಯೇ ಬರುತ್ತಾರೆ, ತಾಳ್ಮೆಯಿಂದ ಕಾಯಿರಿ. ಇದಿಷ್ಟೂ ಈ ವಾರವೇ ಆಗಬೇಕು.

ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. "ಅವರನ್ನ ಹಂಗೆಲ್ಲಾ ಆಡ್ಕೋಬೇಡ ಕಣೋ. ಯಂತ್ರ ಅವರ ಕೈಲಿದೆ" ಎಂದಳು. ಹಾಗಾಗಿ ಇದಕ್ಕಿಂತ ಖಾರವಾಗಿದ್ದ ಸಾಲುಗಳನ್ನು ಹೊಡೆದುಹಾಕಿದ್ದೇನೆ.

ಇಂತಿ,
ತಮ್ಮನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲ ಒಬ್ಬ ಟೈಲರ್